ನಾಲ್ಕು ಶುಕ್ರವಾರದ ಬಿಸಿಲು

“ಬೆಳಕು ಸರಿ ಇರ್ಲಿಲ್ಲ ಅಂತ ಹೇಳಿದ್ದು ಯಾರು ಪೊರ್ಬುಗಳೇ? ನೀವಾ, ನಿಮ್ಮ ಕ್ಯಾಮೆರಾವಾ?”

ವಾರಿಜ ಟೀಚರ್ ದಪ್ಪ ಲಕೋಟೆಯೊಂದನ್ನು ಕೌಂಟರಿನ ಮೇಲೆ ಕೊಡವಿದಳು. ಅರುವತ್ತು ಫೋಟೋಗಳು ಗಾಜಿನ ಮೇಲೆ ಹರಡಿ ಬಿದ್ದವು. ಅರುವತ್ತರಲ್ಲೂ ಅವಳೇ.

“ಕಂಡಕಂಡ ಲಕೋಟೆ ಬಿಚ್ಲಿಕ್ಕೆ ನಿಮಗೆ ಯಾರು ಹೇಳಿದ್ದು?” ಎಂದೆ. ತಪ್ಪು ನನ್ನದಾದಾಗ ನನ್ನ ಗಂಟಲು ಮತ್ತೂ ದೊಡ್ಡದಾಗುತ್ತದೆ.

“ಮೇಲೆ ನನ್ನ ಹೆಸರು ಉಂಟು. ನಿಮ್ಮದೇ ಅಕ್ಷರ. ನೀವು ಬರೆಯುವ ‘ವ’ ಇಡೀ ಕರಾಮಕ್ಕೇ ಗೊತ್ತು.”

ದುಬೈಯ ಕರಾಮದಲ್ಲಿದ್ದ ನನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋಗಳನ್ನು ಲಕೋಟೆಗೆ ಹಾಕಿ, ಹೆಸರು ಬರೆದು, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ನಿಲ್ಲಿಸಿಡುವುದು ಕ್ರಮ. ಗಿರಾಕಿಗಳು ತಾವೇ ಹುಡುಕಿ ಒಯ್ಯುತ್ತಾರೆ. ಎಂಟು ಫೋಟೋಗಳಿಗೆಂದು ಅವಳು ಬಂದಾಗ ನಾನು ಒಳಗೆ ಪ್ರಿಂಟ್ ಕತ್ತರಿಸುತ್ತಿದ್ದೆ. “ಡಬ್ಬಿಯಲ್ಲಿ ನೋಡಿ” ಎಂದು ಅಲ್ಲಿಂದಲೇ ಕೂಗಿದೆ. ಅದೇ ಡಬ್ಬಿಯ ತಳದಲ್ಲಿ ಆ ಇನ್ನೊಂದು ಲಕೋಟೆಯನ್ನೂ ಇಟ್ಟಿದ್ದೇನೆಂಬುದು ನನಗೆ ಆ ಗಳಿಗೆಯಲ್ಲಿ ಮರೆತೇಹೋಗಿತ್ತು.

ಅವಳು ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಸಂಜೆ ತನ್ನ ಫ್ಲ್ಯಾಟಿನಲ್ಲಿ ಮಕ್ಕಳಿಗೆ ಭರತನಾಟ್ಯ ಹೇಳಿಕೊಡುತ್ತಿದ್ದಳು. ಹಾಗಾಗಿ ನಮಗೆಲ್ಲ ಟೀಚರ್. ಊರಿನಲ್ಲಿ ಕ್ರಿಸ್ತುವರನ್ನು ಕರೆಯುವಂತೆ ಅವಳು ನನ್ನನ್ನು ಪೊರ್ಬುಗಳೇ ಎನ್ನುತ್ತಿದ್ದಳು. ವಯಸ್ಸು ನಲವತ್ತೊಂದು. ನನಗೆ ನಲವತ್ತೆಂಟು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಅವಳ ಗುರುಗಳಿಗೆ ಮಂಡಿನೋವು ಬಂದು, ಊರಿನಲ್ಲಿ, ಕಾಪುವಿನಲ್ಲಿದ್ದ ತಮ್ಮ ಡ್ಯಾನ್ಸ್ ಕ್ಲಾಸನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು. ದುಬೈ ಬಿಟ್ಟು ಹೋಗಿ ಜೂನಿನಲ್ಲಿ ಶುರುಮಾಡಬೇಕು. ಅದರ ಕರಪತ್ರಕ್ಕೆ ಫೋಟೋ ಬೇಕೆಂದು ಏಪ್ರಿಲಿನಲ್ಲಿ ನನ್ನ ಹತ್ತಿರ ಬಂದಿದ್ದಳು. “ದುಬೈಯಲ್ಲಿ ಕುಣಿದವಳು ಅಂತ ಊರಿನವರಿಗೆ ಕಾಣ್ಬೇಕಲ್ಲ.” ಅದು ೨೦೧೬.

ಮೊದಲ ಶುಕ್ರವಾರ ಬಸ್ತಕಿಯಾದ ಹಳೆಯ ಗೋಡೆಗಳ ನಡುವೆ ತೆಗೆದೆವು. ಕರಪತ್ರಕ್ಕೆ ಅಷ್ಟೇ ಸಾಕಿತ್ತು. ಮಧ್ಯಾಹ್ನ ಕರಾಮದ ಹೋಟೆಲಿನಲ್ಲಿ ಅವಳು ಮುಖದ ಬಣ್ಣ ಅಳಿಸದೆಯೇ ಮೊಸರನ್ನ ಉಂಡಳು. ಪಕ್ಕದ ಮೇಜಿನ ಮಗುವೊಂದು ಬಾಯಿ ತೆರೆದು ನೋಡುತ್ತಿದ್ದಾಗ ಅದಕ್ಕೆ ಕಣ್ಣು ಹೊರಳಿಸಿ ತೋರಿಸಿದಳು. ಮಗು ನಕ್ಕಿತು, ಅವಳೂ ನಕ್ಕಳು. ನನ್ನ ಎದುರು ಕುಳಿತು ಒಬ್ಬ ಹೆಂಗಸು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಸ್ಟುಡಿಯೋಕ್ಕೆ ಮರಳಿ ಫೋಟೋ ನೋಡಿದೆ. ಎಲ್ಲ ಸರಿಯಾಗಿದ್ದವು. ಹಾಗೆಂದು ಹೇಳಿದರೆ ಕೆಲಸ ಮುಗಿದಂತೆ. ಫೋನ್ ಮಾಡಿ, “ಮುಖ ಕಪ್ಪಾಗಿದೆ ಟೀಚರ್, ಬೆಳಕು ಸರಿ ಸಿಗಲಿಲ್ಲ. ಇನ್ನೊಂದು ಶುಕ್ರವಾರ ಹೋಗುವ” ಎಂದೆ.

ಎರಡನೆಯದು ದೋಣಿಕಟ್ಟೆ. ಮೂರನೆಯದು ಅಬುಧಾಬಿ. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ನನ್ನ ತಂಗಿ ಶೆರಿಲ್‌ಳ ಮನೆಯಿದೆ. ಅಲ್ಲಿ ಟೀಚರ್ ಬಣ್ಣ ಹಚ್ಚಿ, ಜಡೆ ಕಟ್ಟಿ, ಗೆಜ್ಜೆ ಕಟ್ಟಿಕೊಂಡು ಹೊರಡುವಾಗ ಒಂಬತ್ತೂವರೆ. ಗೆಜ್ಜೆ ಕಟ್ಟಿದ ಮೇಲೆ ಅವಳು ಚಪ್ಪಲಿ ಮೆಟ್ಟುವುದಿಲ್ಲ. ಕಾರಿನಿಂದ ಹತ್ತು ಹೆಜ್ಜೆಗೂ ಇಲ್ಲ. ಕಡಲದಂಡೆಯ ಕಾರ್ನಿಷಿನ ಕಲ್ಲುಹಾಸು ಆ ಹೊತ್ತಿಗೆ ಕಾವಲಿಯಂತೆ ಕಾದಿತ್ತು. ನಾನು ನೀರಿನ ಬಾಟಲಿಗಳ ರಟ್ಟು ಹರಿದು, ಒದ್ದೆ ಮಾಡಿ ಹಾಸಿದೆ. ಅವಳು ರಟ್ಟಿನಿಂದ ಇಳಿದು ಕುಣಿದಳು, ಮತ್ತೆ ರಟ್ಟಿಗೆ ಹತ್ತಿದಳು. ಕಾವಲಿನವನು ಬಂದು “ಖಲಾಸ್, ಖಲಾಸ್” ಎಂದು ಕೈಬೀಸುವ ತನಕವೂ ತೆಗೆದೆ. ವಾಪಸು ಬರುವಾಗ ಅವಳು ಕಾಲು ಮಡಚಿಕೊಂಡು ಸೀಟಿನಲ್ಲಿ ಕುಳಿತಿದ್ದಳು. ಆಗಲಾದರೂ ನಾನು ಹೇಳಬೇಕಿತ್ತು. ನಾಲ್ಕನೆಯ ಶುಕ್ರವಾರ ಜುಮೇರಾ ಕಡಲತೀರದ ಮರಳಿಗೆ ಕರೆದುಕೊಂಡು ಹೋದೆ.

“ಎಲ್ಲ ಮೊದಲನೇ ವಾರವೇ ಸರಿ ಬಂದಿತ್ತು ಅಲ್ವಾ?” ಎಂದಳು ಈಗ.

“ಒಂದೆರಡು ಇನ್ನೂ ಚೆನ್ನಾಗಿ ಬರಬಹುದಿತ್ತು.”

“ನನ್ನ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದಿದೆ. ಕ್ಲಿನಿಕ್ಕಿನಲ್ಲಿ ಕೌಂಟರಿನ ಅಡಿಯಲ್ಲಿ ಚಪ್ಪಲಿ ಬಿಟ್ಟು ಕೂತುಕೊಳ್ತೇನೆ. ಕರಪತ್ರ ಪ್ರಿಂಟಿನವ ದಿನಾ ಫೋನ್ ಮಾಡ್ತಾನೆ, ಫೋಟೋ ಎಲ್ಲಿ ಅಂತ. ಪೊರ್ಬುಗಳ ಕೆಲಸ ಅಚ್ಚುಕಟ್ಟು, ಕಾಯಿ ಮಾರಾಯ ಅಂತ ನಾನು ಅವನಿಗೇ ಬೈದೆ.”

ಫೋಟೋಗಳನ್ನು ಒಟ್ಟುಮಾಡುತ್ತಿದ್ದವಳ ಕೈ ಒಂದರ ಮೇಲೆ ನಿಂತಿತು. ಕಾರ್ನಿಷಿನದು. ಒದ್ದೆ ರಟ್ಟಿನ ಮೇಲೆ ನಿಂತು, ಕಣ್ಣು ಮುಚ್ಚಿ, ಬಾಟಲಿಯ ನೀರನ್ನು ಪಾದಕ್ಕೆ ಸುರಿದುಕೊಳ್ಳುತ್ತಿದ್ದಾಳೆ. ನನ್ನ ಇಪ್ಪತ್ತಾರು ವರ್ಷದ ಕೆಲಸದಲ್ಲಿ ಅಷ್ಟು ಒಳ್ಳೆಯ ಫೋಟೋ ತೆಗೆದದ್ದಿಲ್ಲ.

“ಇದನ್ನೂ ತೆಗೆದ್ರಾ?” ಸ್ವರ ತಗ್ಗಿತ್ತು.

ಅಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. “ಬಿಟ್ಟು ಹೋಗುವವರಿಗೆ ಇಷ್ಟು ಸಿಟ್ಟು ಎಂತಕ್ಕೆ?” ಎಂದುಬಿಟ್ಟೆ.

ಅವಳು ನನ್ನನ್ನು ನೋಡಿದಳು. ಆ ಫೋಟೋಗಳನ್ನು ನಾನು ಕೊಡದೆ ಡಬ್ಬಿಯಲ್ಲಿ ಯಾಕೆ ಇಟ್ಟುಕೊಂಡಿದ್ದೆನೆಂದು ಅವಳಿಗೆ ತಿಳಿದದ್ದು ಬಹುಶಃ ಆಗಲೇ.

“ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ನಾರ್ಬರ್ಟ್.”

ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.

“ಕೇಳಿದ್ರೆ ಉಳೀತಿದ್ರಾ?”

“ಅದನ್ನು ಈಗ ನಾನು ಹೇಳುದಿಲ್ಲ. ನನ್ನ ಕಾಲು ಸುಡುವುದನ್ನು ನಾಲ್ಕು ವಾರ ನೋಡಿಕೊಂಡು ನಿಂತವರಿಗೆ ಹೇಳುದಿಲ್ಲ.”

ಅರುವತ್ತನ್ನೂ ಲಕೋಟೆಗೆ ತುಂಬಿಕೊಂಡಳು. ಆ ಒಂದನ್ನು ಬಿಡುತ್ತಾಳೇನೋ ಎಂದು ನೋಡಿದೆ. ಬಿಡಲಿಲ್ಲ. ಕಂಪ್ಯೂಟರಿನಲ್ಲಿದ್ದದ್ದನ್ನೂ ನನ್ನ ಪಕ್ಕ ನಿಂತು ಅಳಿಸಿಸಿದಳು. ಗಾಜಿನ ಬಾಗಿಲು ತಳ್ಳಿ ಹೊರಗೆ ಹೋದಳು. ಹಿಮ್ಮಡಿ ಊರದೆ, ಬೆರಳ ಮೇಲೆ ಭಾರ ಹಾಕಿ, ಬಸ್ ಸ್ಟಾಪಿನ ಕಡೆ ನಡೆದಳು.

ನಾನು ಬಾಗಿಲಿನಿಂದ ಒಳಗೆ ತಿರುಗಿದಾಗ ಕಂಡೆ: ಪಾಸ್‌ಪೋರ್ಟ್ ಸೈಜಿನ ಎಂಟು ಫೋಟೋಗಳ ಸಣ್ಣ ಲಕೋಟೆ ಕೌಂಟರಿನ ಮೇಲೆಯೇ ಉಳಿದಿತ್ತು. ಅದಿಲ್ಲದೆ ಊರಿಗೆ ಹೊರಡುವ ಅವಳ ಕಾಗದಪತ್ರ ಮುಗಿಯುವುದಿಲ್ಲ. ಬೈಯಲಿಕ್ಕಾದರೂ ಬರುತ್ತಾಳೆಂದು ಆ ದಿನ ಊಟಕ್ಕೆ ಏಳಲಿಲ್ಲ. ಮರುದಿನವೂ ಅಂಗಡಿ ಬಿಟ್ಟು ಕದಲಲಿಲ್ಲ.

ಕರಾಮದಲ್ಲಿ ನನ್ನದಲ್ಲದೆ ಇನ್ನೂ ಆರು ಸ್ಟುಡಿಯೋಗಳಿದ್ದವು.