ಪೂಜೆಗೆ ಬಿಚ್ಚಿದ ಜಾಳಿ

ವಕೀಲ ಕರಿಕೋಟಿನ ಅಂಚಿನಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದಾನೆ, ಒರೆಸು ಮಾರಾಯ, ಚೆನ್ನಾಗಿ ಒರೆಸು, ನೋಡಬೇಕಾದದ್ದು ಎದುರಿಗೇ ಇದೆ, ಮಣಿಕಟ್ಟಿಗೇ ಮುಗಿದುಹೋದ ಅಂಬಾರಾಯನ ಬಲಗೈ — ಆದರೆ ಕಂಪನಿಯ ವಕೀಲನಿಗೆ ಕೈ ಬೇಕಿಲ್ಲ, ಜಾಳಿ ಬೇಕು, ತಗಡು ಒತ್ತುವ ಪ್ರೆಸ್ಸಿನ ಬಾಯಿಗೆ, ಕೈ ಒಳಹೋಗದಂತೆ, ಅಡ್ಡ ಇರಬೇಕಾದ ಕಬ್ಬಿಣದ ಜಾಳಿ, ಜಾಳೀ ಕೋಣೀ ಕಾಢಲೀ, ಯಾರು ಬಿಚ್ಚಿದ್ದು, ಬೆಳಗಿನಿಂದ ಕೋರ್ಟಿನಲ್ಲಿ ಅದೊಂದೇ ರಾಗ. ನಾನೇ ಬಿಚ್ಚಿದೆ ಎಂದುಬಿಟ್ಟ ಅಂಬಾರಾಯ, ಸುಳ್ಳು ಯಾಕೆ ಹೇಳಬೇಕು, ಖಂಡೇನವಮಿಯ ದಿನ ಜಾಳಿ ಬಿಚ್ಚದೆ ಮಷಿನ್ನಿಗೆ ಕುಂಕುಮ ಹಚ್ಚುವುದು ಹೇಗೆ, ಪಿಂಪ್ರಿಯ ಕಾರ್ಖಾನೆಗಳಲ್ಲಿ ಯಾರು ಬಿಚ್ಚುವುದಿಲ್ಲ, ಮಾಲೀಕನ ಹೆಂಡತಿಯೇ ಆರತಿ ಬೆಳಗಿ ಪೇಢೆ ಹಂಚಿದಳು. ಮುಂದಿನ ಮಾತು ಮಾತ್ರ ಯಾರಿಗೂ ಬೇಡ. ದಸರೆ ಮುಗಿದು ಕೆಲಸ ಶುರುವಾದ ದಿನ ಪಾನಾ ಹಿಡಿದು ಜಾಳಿಯ ನಟ್ಟು ತಿರುಗಿ ಬಿಗಿಯಲು ಹೋದವನನ್ನು ಫೋರಮನ್ ತಡೆದ, ಇರಲಿ ಬಿಡೋ, ಜಾಳಿ ಇಲ್ಲದಿದ್ದರೆ ಮಾಲು ಬೇಗ ಬೀಳುತ್ತದೆ, ಅರ್ಜೆಂಟ್ ಆರ್ಡರ್ ಇದೆ — ಎಂದವನೇ ಅದನ್ನು ಸ್ಟೋರಿಗೆ ಸಾಗಿಸಿ ಬೀಗ ಜಡಿದ, ಹಾಳಾದವನು, ದೀಪಾವಳಿ ಬಂತು, ಹೋಯಿತು, ಬೀಗ ತೆಗೆಯಲಿಲ್ಲ, ಆಮೇಲೆ ಆ ಬುಧವಾರ, ಕೈ ಒಳಗಿತ್ತು, ಪ್ರೆಸ್ಸು ಇಳಿಯಿತು. ಬೇಕೆಂದೇ ಜಾಳಿ ತೆಗೆದವನಿಗೆ ಕಾಯ್ದೆಯಲ್ಲಿ ಪರಿಹಾರವಿಲ್ಲವಂತೆ, ಯುನಿಯನ್ನಿನ ಹೊಳಬಸಪ್ಪ ಬಿಡಿಸಿ ಹೇಳಿದ್ದ, ನೀ ಬಿಚ್ಚಿದ್ದು ತಪ್ಪಲ್ಲೋ ತಮ್ಮಾ, ತಿರಗಿ ಕೂಡಸಾಕ ಅವ್ರು ಬಿಡಲಿಲ್ಲ ಅನ್ನೋದಕ್ಕ ಒಬ್ಬ ಸಾಕ್ಷಿ ಬೇಕ ನೋಡು, ಒಬ್ಬ ಸಾಕು.

ಆ ಒಬ್ಬ ಇದ್ದಾನೆ, ಮಲಕಪ್ಪ, ಫೋರಮನ್ ತಡೆದಾಗ ಅಂಬಾರಾಯನ ಪಕ್ಕದಲ್ಲೇ ನಟ್ಟು ಹಿಡಿದು ನಿಂತಿದ್ದವನು, ಊರಿಂದ ಕರೆತಂದು ಕೆಲಸಕ್ಕೆ ಹಚ್ಚಿದ್ದೇ ಅಂಬಾರಾಯ, ಖೋಲಿಯಲ್ಲಿ ಜಾಗ ಕೊಟ್ಟದ್ದು ಅಂಬಾರಾಯ, ರೊಟ್ಟಿ ಬಡಿದು ಹಾಕಿದ್ದು ಅಂಬಾರಾಯನ ಹೆಂಡತಿ ಮಾನಮ್ಮ, ನಿನ್ನೆ ಸಂಜೆಯೂ ಅವಳ ಮುಂದೆ ಕೂತು ಹೇಳಿದ್ದ, ನಾ ಹೇಳ್ತೀನಿ ವೈನಿ, ಕಣ್ಣಾರೆ ಕಂಡೀನಿ, ನೀವು ಚಿಂತಿ ಮಾಡಬ್ಯಾಡ್ರಿ. ಇವತ್ತು ಬಂದದ್ದು ಕಂಪನಿಯ ಜೀಪಿನಲ್ಲಿ. ಅಂಬಾರಾಯನ ಪ್ರೆಸ್ಸಿನ ಮೇಲೆ ಈಗ ಅವನೇ, ಪರ್ಮನೆಂಟ್ ಮಾಡುತ್ತಾರಂತೆ, ಮಾಡಲಿ, ಉದ್ಧಾರ ಆಗಲಿ — ಕಟಕಟೆ ಹತ್ತಿದ, ಕಂಬಿ ಹಿಡಿದ, ಬಲಗೈಯ ಐದೂ ಬೆರಳು, ಉಗುರುಸಂದಿಯಲ್ಲಿ ಮಷಿನ್ನಿನ ಕರಿ ಎಣ್ಣೆ, ಪೀಠದ ಮೇಲಿನ ಸಾಹೇಬರು ಕೇಳಿದರು, ಪೂಜೆಗೆ ಜಾಳಿ ಯಾರು ಬಿಚ್ಚಿದರು, ಅಂಬಾರಾಯ ಎಂದ, ಆಮೇಲೆ ಏನಾಯಿತು, ಫೋರಮನ್ ತಡೆದನೋ, ಹೇಳೋ ಮಲಕಪ್ಪ, ಹೇಳು, ಬೆರಳುಗಳು ಕಂಬಿಯ ಮೇಲೆ ಸರಿದಾಡುತ್ತಿವೆ, ಮಲಾ ಮಾಹೀತ್ ನಾಹೀ ಸಾಹೇಬ್, ಗೊತ್ತಿಲ್ಲವಂತೆ, ಅದೂ ಮರಾಠಿಯಲ್ಲಿ, ಕನ್ನಡದಲ್ಲಿ ಹೇಳಲು ನಾಲಿಗೆ ಏಳಲಿಲ್ಲವೇನೋ ಕಳ್ಳನನ್ಮಗನಿಗೆ. ಸಾಹೇಬರು ಬರೆದುಕೊಂಡರು, ಫೋರಮನ್ ಕಾಲಮೇಲೆ ಕಾಲು ಹಾಕಿದ, ಮುಗಿಯಿತು, ಮಾನಮ್ಮನಿಗೆ ಏನು ಹೇಳುವುದು, ಎದ್ದುಹೋಗಿ ಆ ಮಲಕಪ್ಪನ ಕೊರಳಪಟ್ಟಿ ಹಿಡಿಯಬೇಕು, ಹಿಡಿಯುವುದು ಯಾವ ಕೈಯಿಂದ — ಮಲಕಪ್ಪ, ಜಾಳಿ ಇಟ್ಟ ಸ್ಟೋರಿನ ಬೀಗ ಇನ್ನೂ ತೆಗೆದಿಲ್ಲವಲ್ಲೋ, ಹೇಳಿದ್ದರೆ ಇವತ್ತೇ ತೆಗೆಸುತ್ತಿದ್ದರಲ್ಲೋ, ನಾಳೆ ಫಸ್ಟ್ ಶಿಫ್ಟು ನಿನ್ನದೇ, ಅದೇ ಪ್ರೆಸ್ಸು, ಅದೇ ಬಾಯಿ, ಕಂಬಿಯ ಮೇಲೆ ಬೆರಳು, ಐದು, ಐದೂ ಬೆರಳು —