ಬಸುರಿ ಉಂಡೇಳುವ ತನಕ

ಮಾಳವ್ವ ಎರಡನೇ ಶೇಂಗಾ ಹೋಳಿಗೆ ಮುರಿದಾಗ ಪಡಸಾಲೆಯಲ್ಲಿದ್ದ ಗಂಡಸರು ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಬಸುರಿಗೆ ಬಯಕೆಯ ಊಟ ಹಾಕುವ ಕುಬಸದ ದಿನ ಅವಳು ಉಂಡು ಏಳುವ ತನಕ ಆ ಮನೆಯಲ್ಲಿ ಬೇರೆ ಯಾರೂ ತುತ್ತು ಎತ್ತುವಂತಿಲ್ಲ. ಹಾಗಂತ ಬಸುರಿಯಾದವಳು ನಿಜವಾಗಿ ಉಣ್ಣುತ್ತಾಳೆಯೇ? ಹೊಸ ಸೀರೆ ಉಟ್ಟು, ಬಡಿಸಿದ್ದನ್ನೆಲ್ಲ ನಾಲಿಗೆಗೆ ಮುಟ್ಟಿಸಿ, ನಾಚಿಕೊಂಡು ಎದ್ದುಬಿಡಬೇಕು. ಮಾಳವ್ವ ಏಳಲಿಲ್ಲ.

ಮಾವ ಗೋಣೆಪ್ಪ ಬಾಗಿಲಲ್ಲಿ ನಿಂತು ಹೆಂಡತಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಈ ಗೋಣೆಪ್ಪನೆಂದರೆ ಲಕ್ಷ್ಮೇಶ್ವರದ ಪೇಟೆಯಲ್ಲಿ ದೊಡ್ಡ ಮನುಷ್ಯ, ಅಂದರೆ ದೊಡ್ಡ ಬಾಯಿಯ ಮನುಷ್ಯ. ಕರ್ನಾಟಕ ಒಂದಾಗಬೇಕೆಂದು ಎಲ್ಲಿ ಸಭೆಯಾದರೂ ಅಲ್ಲಿ ಇವನ ಭಾಷಣ. ತಾಯಿ ಸೊರಗಿದ್ದಾಳೆ, ಮಕ್ಕಳೇ ಏಳಿ ಎಂದು ಗಂಟಲು ಹರಿಯುವಂತೆ ಕೂಗುವುದು, ಆಮೇಲೆ ನಾಲ್ಕು ಮಂದಿಯನ್ನು ಹಿಂದೆ ಕಟ್ಟಿಕೊಂಡು ಮನೆಗೆ ಬಂದು ಚಹಾ ತಾ ಎನ್ನುವುದು. ಅದೂ ಗಟ್ಟಿ ಹಾಲಿನ ಚಹಾ. ಮನೆಯಲ್ಲಿ ಸೊಸೆ ಸೊರಗಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಬೀಳುವುದಕ್ಕೆ ಅವಳೇನು ಸಭೆಯೇ?

ಹೋದ ವರ್ಷ ಮಾಳವ್ವನ ಚೊಚ್ಚಲ ಕೂಸು ಮೊಲೆ ಚೀಪುವ ಶಕ್ತಿಯೂ ಇಲ್ಲದೆ ಹೋಯಿತು. ಬೆಕ್ಕಿನ ಮರಿಯಷ್ಟಿತ್ತು. ಅದನ್ನು ಕಂಡ ತವರಿನವರು ಹತ್ತಿರದಲ್ಲೇ ಇರುವ ಮಾಗಡಿ ಹಳ್ಳಿಯಿಂದ ಆಗಷ್ಟೇ ಈದಿದ್ದ ಎಮ್ಮೆಯನ್ನು ಹೊಡೆದುಕೊಂಡು ಬಂದು, ಮಗಳಿಗೆ ಹಾಲಾಗಲಿ ಎಂದು ಕಟ್ಟಿ ಹೋದರು. ಎಮ್ಮೆಯೇನೋ ಚೆನ್ನಾಗಿಯೇ ಹಾಲು ಕೊಡುತ್ತಿತ್ತು. ಹಾಲು ಚಹಾಕ್ಕೆ, ಮೊಸರು ಗಂಡಸರ ಎಲೆಗೆ, ಬೆಣ್ಣೆ ಪೇಟೆಗೆ. ಎಲ್ಲರೂ ಉಂಡ ಮೇಲೆ ಮಾಳವ್ವನಿಗೆ ರೊಟ್ಟಿ, ಖಾರ, ನೀರು ಮಜ್ಜಿಗೆ.

ಈ ಸಲದ ಬಸುರಿನಲ್ಲಿ ಅವಳು ಕಣ್ಣು ಕತ್ತಲೆಗಟ್ಟಿ ಬಿದ್ದಾಗ ದವಾಖಾನೆಯ ನರ್ಸಬಾಯಿ ಬಂದು, ಮೈಯಲ್ಲಿ ರಕ್ತವೇ ಇಲ್ಲ, ಕೋಳಿ ತತ್ತಿ ಕೊಡಿ ಎಂದಳು. ಗೋಣೆಪ್ಪ ದೇವರು ಮೈಮೇಲೆ ಬಂದವನಂತೆ ಕುಣಿದ. ನಮ್ಮದು ಶುದ್ಧ ಮನೆ, ತತ್ತಿಯ ಹೆಸರೆತ್ತಬೇಡ ಎಂದ. ಹಾಗಾದರೆ ಹಾಲು, ಕಾಳು, ಸೊಪ್ಪು, ಬೆಲ್ಲ ಹೊಟ್ಟೆ ತುಂಬ ಕೊಡಿ, ಇಲ್ಲವಾದರೆ ಈ ಕೂಸೂ ದಕ್ಕುವುದಿಲ್ಲ ಎಂದು ಆಕೆ ಹೇಳಿ ಹೋದಳು. ಮನೆ ಶುದ್ಧವಾಗಿಯೇ ಉಳಿಯಿತು. ಹಾಲು ಮಾತ್ರ ಸೊಸೆಯ ತನಕ ಬರಲಿಲ್ಲ. ಬಸುರಿಗೆ ಹೆಚ್ಚು ಹಾಕಿದರೆ ಕೂಸು ಬೆಳೆದು ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಕಳಕವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ಎಂಥ ಕಾಳಜಿ, ನೋಡಿ.

ಚೊಚ್ಚಲ ಕೂಸು ಉಳಿಯಲಿಲ್ಲವೆಂದು ಈ ಸಲವೂ ಕುಬಸ ಮಾಡಲು ತಾಯಿ ದೇವವ್ವ ಇವತ್ತು ತವರಿನ ಬುತ್ತಿ ತಂದಿದ್ದಳು. ಸಜ್ಜೆ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ, ಬೆಣ್ಣೆ, ಹೋಳಿಗೆ. ಮಾಳವ್ವ ಅವಸರವಿಲ್ಲದೆ ಒಂದೊಂದನ್ನೂ ಉಂಡಳು. ಕುಬಸದ ಊಟಕ್ಕೆಂದು ಗೋಣೆಪ್ಪ ತನ್ನ ಸಭೆಯ ಮಂದಿಯನ್ನೆಲ್ಲ ಕರೆದುಬಿಟ್ಟಿದ್ದ. ಬಿಸಿಲು ಅಂಗಳ ದಾಟಿ ಹೋದರೂ ಅವರಿಗೆ ಎಲೆ ಬೀಳಲಿಲ್ಲ. ಕೊನೆಗೆ ಹಿರಿಯನಾದವನು ಕೇಳಲೇಬೇಕಾದ ಮಾತನ್ನು ಗೋಣೆಪ್ಪ ಹಲ್ಲು ಕಿರಿದು ಕೇಳಿದ.

"ಏನ ಬಯಕಿ ಐತಿ, ಹೇಳವಾ."

ಏನೂ ಇಲ್ಲರಿ ಎನ್ನುವುದು ಪದ್ಧತಿ. ಹೇಳಿದರೆ ನಡೆಸಿಕೊಡಲೇಬೇಕು, ತಪ್ಪಿದರೆ ಮನೆತನಕ್ಕೆ ಒಳ್ಳೆಯದಲ್ಲ. ಅದಕ್ಕೇ ಯಾವ ಸೊಸೆಯೂ ಹೇಳಿದ್ದಿಲ್ಲ. ಮಾಳವ್ವ ಸೆರಗು ಸರಿಮಾಡಿಕೊಂಡಳು.

"ನಮ್ಮವ್ವ ಕೊಟ್ಟ ಎಮ್ಮಿ ಇವತ್ತಿಂದ ನಾನ ಹಿಂಡತೀನ್ರಿ, ಮಾವಾರ. ಕೂಸು ಹುಟ್ಟಿ ಗಟ್ಟಿ ಆಗೂತನಕಾ ಹಾಲು ನನ್ನ ಕೈಯಾಗ ಇರಬೇಕು. ಊಟಾನೂ ಮೊದಲ ನಂದ."

ಕಳಕವ್ವ ಬಾಯಿಗೆ ಸೆರಗು ಹಿಡಿದಳು. ಗೋಣೆಪ್ಪ ತನ್ನ ಸಭೆಯ ಮಂದಿಯ ಕಡೆ ತಿರುಗಿದ. ಅವನಿಗಿಂತ ಜೋರಾಗಿ ತಾಯಿ ತಾಯಿ ಎಂದು ಕೂಗುವ ಒಬ್ಬ ಮುಖಂಡ ಹಸಿವು ತಾಳಲಾರದೆ, ಹೂಂ ಅಂದುಬಿಡಿ, ಅನ್ನ ಆರುತ್ತಿದೆ ಎಂದ. ನಾಡನ್ನೇ ಕಟ್ಟುವವರು!

"ಆತು," ಎಂದ ಗೋಣೆಪ್ಪ, ಗೋಡೆಯ ಕಡೆ ನೋಡುತ್ತ.

"ಮಂದೀಗೆ ಕೇಳೂ ಹಂಗ ಅನ್ರಿ," ಎಂದಳು ಮಾಳವ್ವ.

ಗೋಣೆಪ್ಪ ಗಟ್ಟಿಯಾಗಿ ಅಂದ. ಗಂಡಸರು ಎದ್ದು ಧಡಧಡ ಹಿತ್ತಲಿಗೆ ಓಡಿ ಕೈ ತೊಳೆದು ಬಂದರು. ಮಾಳವ್ವ ಎಲೆಯನ್ನು ತಾಯಿಯ ಕಡೆ ಸರಿಸಿ, ಇನ್ನೊಂದು ರೊಟ್ಟಿ ಹಾಕೆಂದಳು. ಗಂಡಸರು ಒದ್ದೆ ಕೈ ಹಿಡಿದುಕೊಂಡು ಬಾಗಿಲಲ್ಲೇ ನಿಂತರು.