ದಪ್ಪ ಹವಳದ ಆಚೆಗೆ

ಹವಳದ ದಿಬ್ಬದ ಮೇಲಿನ ನೀರು ಅಂದು ತಟ್ಟೆಯಲ್ಲಿ ಹೊಯ್ದಿಟ್ಟಂತೆ ನಿಶ್ಚಲವಾಗಿತ್ತು. ಅದನ್ನು ಕಂಡು ಅಣ್ಣ ಮೂಗು ಮುರಿದ.

"ಇದೇನು ಸಮುದ್ರನಾ, ಸ್ನಾನದ ತೊಟ್ಟಿನಾ? ಇಲ್ಲಿ ಮುಳುಗೋಕೆ ತರಬೇತಿ ಬೇರೆ ಕೇಡು!"

ದೋಣಿಯಲ್ಲಿದ್ದವರು ನಕ್ಕರು. ಕಾಲಿಗೆ ಈಜುರೆಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ತಂಗಿ ಮಾತ್ರ, ಈ ಬಡಾಯಿಗೇ ಎಷ್ಟು ಗಾಳಿ ಖರ್ಚಾಯಿತೋ ಎಂದುಕೊಂಡಳು.

ಅವಳ ಸಂಕಟ ಇಷ್ಟೇ. ನೀರಿನಡಿ ಇಬ್ಬಿಬ್ಬರು ಜೋಡಿ. ಒಬ್ಬರ ಸಿಲಿಂಡರಿನಲ್ಲಿ ಗಾಳಿ ಕಮ್ಮಿಯಾದರೆ ಇಬ್ಬರೂ ಮೇಲೆ ಬರಬೇಕು. "ಅಣ್ಣನ್ನ ಬಿಟ್ಟು ಕದಲಬೇಡ" ಎಂದು ಅಮ್ಮ ಕಟ್ಟಪ್ಪಣೆ ಮಾಡಿ ಕಳಿಸಿದ್ದಳು. ಅಣ್ಣನೋ, ನೀರಿಗಿಳಿದ ಕ್ಷಣದಿಂದ ಕುಲುಮೆಯ ತಿದಿಯ ಹಾಗೆ ಉಸಿರೆಳೆಯುವವನು. ಮೀನು ಕಂಡರೆ ಬೆನ್ನಟ್ಟಬೇಕು, ಕ್ಯಾಮೆರಾ ಕಂಡರೆ ಎದೆಯುಬ್ಬಿಸಬೇಕು. ದಿಬ್ಬದ ನಡುವೆ ಆನೆ ಮಲಗಿದಂತಿದ್ದ ದಪ್ಪ ಹವಳವೊಂದರ ಬಳಿ ಬರುವಷ್ಟರಲ್ಲಿ ಪ್ರತಿ ಸಲವೂ ಅವನ ಗಾಳಿ ಖಾಲಿ. ಅದರಾಚೆ ಏನಿದೆಯೆಂದು ಅವಳು ಕಂಡೇ ಇರಲಿಲ್ಲ. ಇವತ್ತು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮುಳುಗಿದರೆ ಮುಗಿಯಿತು, ನಾಳೆ ಊರಿಗೆ ವಾಪಸ್ಸು.

"ನನಗೆ ದಿನಾ ಸೋರೋ ಸಿಲಿಂಡರೇ ಕೊಡ್ತಾರೆ," ಎಂದ ಅಣ್ಣ. "ನಿಂದು ಕೊಡೇ. ನನ್ನದು ನೀನು ಹಾಕ್ಕೋ."

"ಸೋರಿದ್ರೆ ನನಗೆ ಪರವಾಗಿಲ್ವಾ?"

"ನೀನು ಗುಬ್ಬಿ ಥರ ಉಸಿರಾಡ್ತೀಯ. ನಿನಗಷ್ಟು ಸಾಕು."

ತರಬೇತಿಯ ಮೇಡಂ ಎರಡನ್ನೂ ಅಳೆದು, "ಎರಡೂ ಭರ್ತಿ ಇದಾವಪ್ಪ, ಎಲ್ಲೂ ಸೋರ್ತಿಲ್ಲ" ಎಂದರು. ಮಹಾಶಯ ಕೇಳಿಸಿಕೊಂಡರೆ ತಾನೆ! ಸಿಲಿಂಡರು ಅದಲು ಬದಲಾಯಿತು.

ನೀರಿಗಿಳಿದು ದಪ್ಪ ಹವಳದ ಬಳಿ ಬರುವಷ್ಟರಲ್ಲಿ ಯಾರೋ ಅವಳ ಈಜುರೆಕ್ಕೆ ಹಿಡಿದು ಜಗ್ಗಿದರು. ಯಾರೋ ಏನು, ಅವನೇ. ಕಣ್ಣು ಕನ್ನಡಕದೊಳಗೇ ಕಿತ್ತು ಬರುವಂತಿದ್ದವು, ಬೆರಳು ಗಾಳಿಯ ಮಾಪಕದ ಮೇಲಿತ್ತು. ಅವಳ 'ಸೋರುವ' ಸಿಲಿಂಡರಿನಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿ ಉಳಿದಿತ್ತು.

"ನೋಡಿದ್ಯಾ? ಇದೂ ಸೋರತ್ತೆ!" ದೋಣಿ ಹತ್ತಿದವನೇ ಗರ್ಜಿಸಿದ. "ಇವರ ಸಾಮಾನೇ ಸರಿಯಿಲ್ಲ."

ಸಾಮಾನು, ಸಮುದ್ರ, ಮೀನು, ಯಾವುದೂ ಸರಿಯಿಲ್ಲ. ಜಗತ್ತಿನಲ್ಲಿ ಸರಿಯಿರುವುದು ಇವನೊಬ್ಬನೇ. ಇಷ್ಟು ವರ್ಷ ಇವನಿಗೆ ಹೆದರಿ ಕೂತೆನಲ್ಲ ಎಂದು ಅವಳಿಗೆ ತನ್ನ ಮೇಲೂ ಹೇಸಿಗೆಯಾಯಿತು. ಒಂಟಿಯಾಗಿ ಬಂದಿದ್ದ ಹಲ್ಲಿನ ಡಾಕ್ಟರಮ್ಮ ಮೇಡಂಗೆ ಜೋಡಿಯಾಗಿ ಮುಳುಗಿ, ಆಗ ತಾನೆ ನಿಧಾನವಾಗಿ ದೋಣಿ ಹತ್ತುತ್ತಿದ್ದರು. ತಂಗಿ ಮೇಡಂ ಕಡೆ ತಿರುಗಿದಳು. ಹೇಳಿಯೇಬಿಟ್ಟಳು.

"ಮೇಡಂ, ಮಧ್ಯಾಹ್ನ ನಾನು ಡಾಕ್ಟರಮ್ಮನ ಜೊತೆ ಹೋಗ್ಲಾ? ಅಣ್ಣನ್ನ ನೀವು ನೋಡ್ಕೊಳ್ಳಿ."

ಅಣ್ಣ ಸುತ್ತಲಿನವರ ಮುಖ ನೋಡಿ ನಕ್ಕ. "ಯಾಕೆ? ಮಹಾರಾಣಿಗೆ ನಾನು ಸಾಲಲ್ವಾ?"

"ಸಾಲಲ್ಲ ಅಣ್ಣ."

ಈ ಸಲ ದೋಣಿಯಲ್ಲಿ ಯಾರೂ ನಗಲಿಲ್ಲ. ಅವನ ಕಿವಿ ಕೆಂಪಾದವು. "ಅಮ್ಮಂಗೆ ಹೇಳ್ತೀನಿ."

ಗಡ್ಡ ಮೀಸೆ ಬಂದ ಆಳು, ಅಮ್ಮನ ಹತ್ತಿರ ಚಾಡಿ!

"ಹೇಳು. ಉಸಿರು ಉಳಿದಿದ್ರೆ."

ಡಾಕ್ಟರಮ್ಮ ಕೆಮ್ಮಿದಂತೆ ಮಾಡಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು.

ಮಧ್ಯಾಹ್ನ ದಪ್ಪ ಹವಳದ ಬಳಿ ಮೇಲೆ ನೋಡಿದಾಗ, ಮೇಡಂ ಅಣ್ಣನ ತೋಳು ಹಿಡಿದು ನಿಧಾನವಾಗಿ ಮೇಲೆ ಕರೆದೊಯ್ಯುತ್ತಿದ್ದರು. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನಂತೆ ಅವನು ಕೈಕಾಲು ಬಡಿಯುತ್ತಿದ್ದ. ತಂಗಿ ಆನೆಯ ಬೆನ್ನು ದಾಟಿದಳು.

ಆಚೆಗೆ ಅಂಥದ್ದೇನೂ ಇರಲಿಲ್ಲ. ಬೋಳು ಮರಳು, ಅಲ್ಲೊಂದು ಇಲ್ಲೊಂದು ಮೋಟು ಹವಳ, ಯಾರನ್ನೂ ಲೆಕ್ಕಿಸದೆ ಮರಳಿಗೆ ಅಂಟಿ ಮಲಗಿದ್ದ ಒಂದು ಚಪ್ಪಟೆ ಮೀನು. ಡಾಕ್ಟರಮ್ಮ ಹಿಂದಿರುಗೋಣವೇ ಎಂದು ಕೈಸನ್ನೆ ಮಾಡಿದರು. ಅವಳು ಮಾಪಕ ತೋರಿಸಿ ಬೇಡವೆಂದು ತಲೆಯಲ್ಲಾಡಿಸಿ, ಆ ಮೀನಿನ ಪಕ್ಕ ತಾನೂ ಸುಮ್ಮನೆ ತೇಲಿದಳು.

ಅಣ್ಣ ಕಂಡಿದ್ದರೆ "ಇಷ್ಟಕ್ಕೇನಾ?" ಎನ್ನುತ್ತಿದ್ದ. ಅವನೆಲ್ಲಿ ಕಂಡ!